ಶಾಸ್ತ್ರಿಗಳ ಪಾಳಿ ಬಂದಾಗ

ಹುಣಸಿಬಾವಿಯ ಶಾಂತಮಲ್ಲ ಶರಣರಿಗೆ ಮಠವಿರಲಿಲ್ಲ, ಪೀಠವಿರಲಿಲ್ಲ, ಶಿಷ್ಯರಂತೂ ಇರಲೇ ಇಲ್ಲ. ಹಳ್ಳದ ದಂಡೆಯಲ್ಲಿ ಮಣ್ಣಿನ ಗೋಡೆಯ ಎರಡಂಕಣದ ಮನೆ, ಅದರ ಮುಂದೊಂದು ಬೇವಿನ ಮರ, ಮರದ ಕೆಳಗೆ ಸೆಗಣಿ ಸಾರಿಸಿದ ಕಟ್ಟೆ. ಆ ಮಹಾತ್ಮರ ಸಂಸ್ಥಾನವೆಂದರೆ ಇಷ್ಟೇ. ಯಾರಾದರೂ ಭಕ್ತಿಯಿಂದ ಕಾಲಿಗೆ ಬಿದ್ದು ಶಿಷ್ಯನನ್ನಾಗಿ ಮಾಡಿಕೊಳ್ಳಿರೆಂದು ಬೇಡಿದರೆ ಅವರನ್ನು ಎಬ್ಬಿಸಿ ಪಕ್ಕದಲ್ಲಿ ಕೂಡಿಸಿಕೊಂಡು, "ಶಿಷ್ಯ ಆದ್ರ ನೀ ನನ್ನ ಕಾಲು ನೋಡ್ತಿ. ಗೆಳೆಯಾ ಆಗು, ಮಾರಿ ನೋಡ್ತಿ" ಎನ್ನುತ್ತಿದ್ದರು. ಹೀಗಾಗಿ ಸುತ್ತಲಿನ ಸೀಮೆಯ ಜನ ಅವರನ್ನು ಗೆಳೆಯಜ್ಜನವರೆಂದೇ ಕರೆದರು. ಸನ್ನಿಧಿ, ಮಹಾಸ್ವಾಮಿ ಮುಂತಾದ ದೊಡ್ಡ ಬಿರುದುಗಳು ಆ ಹಳ್ಳ ದಾಟಿ ಬರಲೇ ಇಲ್ಲ.

ಶ್ರೀಶೈಲಕ್ಕೆ ಹೋಗುವ ಕಾಲುದಾರಿ ಆ ಮನೆಯ ಮುಂದೆಯೇ ಹಾಯ್ದಿತ್ತು. ಹೋಳಿ ಹುಣ್ಣಿಮೆ ಕಳೆದದ್ದೇ ತಡ, ಯುಗಾದಿಯ ಹೊತ್ತಿಗೆ ಮಲ್ಲಯ್ಯನ ದರ್ಶನ ಮಾಡಬೇಕೆಂದು ಹೊರಟವರು ಹೆಗಲ ಮೇಲೆ ಕಾವಡಿಯಂಥ ಕಂಬಿ ಹೊತ್ತು, ಬರಿಗಾಲಲ್ಲಿ, ಗುಂಪು ಗುಂಪಾಗಿ ಬರುತ್ತಿದ್ದರು. ಶರಣರೂ ಅವರ ಗೆಳೆಯರೂ ಆ ದಿನಗಳಲ್ಲಿ ಮಾಡುತ್ತಿದ್ದ ಸೇವೆಯಲ್ಲಿ ಹೇಳಿಕೊಳ್ಳುವಂಥ ವೈಭವವೇನೂ ಇರಲಿಲ್ಲ. ಬಂದವರ ಕಾಲು ಬಿಸಿನೀರಿನಲ್ಲಿ ತೊಳೆಯುವುದು, ಮುಳ್ಳು ಮುರಿದಿದ್ದರೆ ತೆಗೆಯುವುದು, ಬೊಬ್ಬೆ ಒಡೆದಲ್ಲಿ ಔಡಲೆಣ್ಣೆ ಹಚ್ಚಿ ಅರಳೆ ಇಟ್ಟು ಕಟ್ಟುವುದು, ಅಂಬಲಿ ಮಜ್ಜಿಗೆ ಕೊಟ್ಟು ಮುಂದಕ್ಕೆ ಕಳಿಸುವುದು. ಮುಳ್ಳು ತೆಗೆಯುವ ಕೆಲಸ ಸೂಲಗಿತ್ತಿ ತಿಪ್ಪವ್ವನವರದು. ಅರಳೆ ಹಿಂಜಿ ತರುವವರು ಪಿಂಜಾರ ಹುಸೇನಸಾಬರು. ಉಳಿದವರು ನೀರು ಹೊರುತ್ತಿದ್ದರು, ರೊಟ್ಟಿ ಬಡಿಯುತ್ತಿದ್ದರು.

ಹೊತ್ತು ಇಳಿದು, ಅಂದಿನ ಕೊನೆಯ ಗುಂಪು ಹಳ್ಳ ದಾಟಿದ ಮೇಲೆ, ಗೆಳೆಯರೆಲ್ಲ ಬೇವಿನ ಕಟ್ಟೆಯ ಸುತ್ತ ಕೂಡುತ್ತಿದ್ದರು. ಅದಕ್ಕೆ ಮಾತಿನ ಪಾಳಿ ಎಂದು ಹೆಸರು. ಒಬ್ಬೊಬ್ಬರಾಗಿ ಮಾತಾಡಬೇಕು, ಆದರೆ ತಾನು ಮಾಡಿದ್ದನ್ನು ತಾನು ಹೇಳುವಂತಿಲ್ಲ. ಇನ್ನೊಬ್ಬರಲ್ಲಿ ಕಂಡ ಒಳ್ಳೆಯದನ್ನು ಮಾತ್ರ ಹೇಳಬೇಕು. "ಮಾಡಿದ ಸೇವಾ ಮಾಡಿದವನ ಬಾಯಾಗ ಉಳದ್ರ ಹುಳಿ ಆಗತೈತಿ" ಎಂದು ಶರಣರು ಈ ಕಟ್ಟಳೆ ಹಾಕಿದ್ದರು. ಇದರ ಮಹಿಮೆಯನ್ನು ಏನೆಂದು ಹೇಳಲಿ! ಊರಲ್ಲಿ ಮುಂಗೋಪಿ ಎಂದು ಹೆಸರಾಗಿದ್ದ ಹುಸೇನಸಾಬರು ಒಮ್ಮೆ ಹಟಮಾರಿ ಯಾತ್ರಿಕನೊಬ್ಬನ ಬೈಗುಳ ಕೇಳಿಯೂ ಸುಮ್ಮನಿದ್ದುದನ್ನು ತಿಪ್ಪವ್ವನವರು ಪಾಳಿಯಲ್ಲಿ ಹೇಳಿಬಿಟ್ಟರು. ಸಾಬರು ಮೊದಲು ನಾಚಿಕೊಂಡರು, ಆಮೇಲೆ ತಮ್ಮ ಬಗ್ಗೆ ಬಂದ ಆ ಒಳ್ಳೆಯ ಮಾತಿಗೆ ತಕ್ಕವರಾಗಬೇಕೆಂದು ಪಣ ತೊಟ್ಟರು. ಅವರ ಸಿಟ್ಟು ಎಲ್ಲಿ ಹೋಯಿತೆಂದು ಅವರ ಮನೆಯವರಿಗೇ ತಿಳಿಯಲಿಲ್ಲ. ಗೆಳೆಯನ ಕಣ್ಣಲ್ಲಿ ತನ್ನನ್ನು ಕಂಡುಕೊಂಡು ಮನುಷ್ಯ ಬೆಳೆಯುವುದು ಹೀಗೆ.

ಇಂಥ ಜಾಗಕ್ಕೆ ಒಂದು ವರ್ಷ ಮುರಿಗಯ್ಯ ಶಾಸ್ತ್ರಿಗಳು ಬಂದರು.

ಶಾಸ್ತ್ರಿಗಳ ಹೆಸರು ಕೇಳದವರು ಆ ಕಾಲದಲ್ಲಿ ಇರಲಿಲ್ಲವೆಂದರೂ ನಡೆದೀತು. ಶ್ರಾವಣದಲ್ಲಿ ಅವರು ಪುರಾಣ ಹಚ್ಚಿದ ಊರಿಗೆ ಸುತ್ತಲಿನ ಹಳ್ಳಿಗಳೆಲ್ಲ ಗಾಡಿ ಕಟ್ಟಿಕೊಂಡು ಬರುತ್ತಿದ್ದವು. ಧ್ವನಿವರ್ಧಕ ಬರದಿದ್ದ ದಿನಗಳವು. ಅವರು ಗದ್ದುಗೆಯ ಮೇಲೆ ಕುಳಿತು ಬಾಯಿ ತೆರೆದರೆ ಅಂಗಳದ ಕೊನೆಯ ಸಾಲಿನವರ ಮೈಮೇಲೂ ಮುಳ್ಳೇಳುತ್ತಿತ್ತು. ಪುರಾಣ ಮಂಗಲದ ದಿನ ಅವರನ್ನು ಮೆರೆಸಿದ್ದೇನು, ಶಾಲು ಹೊದಿಸಿದ್ದೇನು, ಪಾದ ತೊಳೆದು ಆ ನೀರನ್ನು ಕಣ್ಣಿಗೊತ್ತಿಕೊಂಡದ್ದೇನು! ಜಂಗಮ ಅಯ್ಯನವರ ಮನೆತನದಲ್ಲಿ ಹುಟ್ಟಿದವರು, ಮೇಲೆ ಇಷ್ಟು ವಿದ್ಯೆ, ಇಂಥ ಕಂಠ. ಸ್ವಲ್ಪ ಬೀಗಿದ್ದರೂ ಬೀಗಿರಬಹುದು, ನಾವು ಅವರ ಜಾಗದಲ್ಲಿದ್ದರೆ ಇನ್ನೂ ಹೆಚ್ಚು ಬೀಗುತ್ತಿದ್ದೆವು.

ಆ ಕಂಠ ಹೋಯಿತು. ಗಂಟಲ ಬೇನೆಯೊಂದು ಬಂದು ತಿಂಗಳುಗಟ್ಟಲೆ ಕಾಡಿ ಬಿಟ್ಟಿತು, ಬಿಡುವಾಗ ಧ್ವನಿಯನ್ನೂ ಒಯ್ದಿತು. ಉಳಿದದ್ದು ಪಿಸುಮಾತು ಮಾತ್ರ. ಪಟ್ಟಣದ ವೈದ್ಯರು ಗಂಟಲೊಳಗೆ ದೀಪ ಹಿಡಿದು ನೋಡಿ ತಲೆಯಾಡಿಸಿದರು. ಮುಂದಿನ ಶ್ರಾವಣಕ್ಕೆ ಊರುಗಳು ಬೇರೆ ಶಾಸ್ತ್ರಿಗಳನ್ನು ಕರೆಸಿಕೊಂಡವು. ಮುರಿಗಯ್ಯ ಶಾಸ್ತ್ರಿಗಳಿಗೆ ದುಃಖಕ್ಕಿಂತ ಹೆಚ್ಚಾಗಿ ಒಂದು ಬಗೆಯ ದಿಗಿಲು ಹುಟ್ಟಿತು. ಪ್ರವಚನ ಮಾಡದ ಮುರಿಗಯ್ಯ ಎಂದರೆ ಯಾರು? ಕನ್ನಡಿಯಲ್ಲಿ ಮುಖ ನೋಡಿಕೊಂಡರೆ ಯಾರೋ ಬಾಡಿಗೆಗೆ ಬಂದು ಕೂತಂತೆ ಕಾಣುತ್ತಿತ್ತು. ಗೆಳೆಯಜ್ಜನವರು ಕೈಯಿಟ್ಟರೆ ಬೇನೆ ಹೋಗುತ್ತದೆಂಬ ಮಾತು ಕೇಳಿ, ಅವರ ಹೆಂಡತಿ ನೀಲಮ್ಮನವರೇ ಒತ್ತಾಯ ಮಾಡಿ ಕರೆತಂದರು. ಶಾಸ್ತ್ರಿಗಳು ಒಪ್ಪಿ ಬಂದರಾದರೂ ಒಳಗೊಳಗೇ ಒಂದು ನಿಶ್ಚಯ ಮಾಡಿಕೊಂಡಿದ್ದರು. ಇಲ್ಲಿಯೂ ಧ್ವನಿ ಬರದಿದ್ದರೆ ಹೆಂಡತಿಗೂ ಹೇಳದೆ ಎತ್ತಲಾದರೂ ಹೊರಟುಹೋಗುವುದು. ತನ್ನನ್ನು ಯಾರೂ ಕೇಳಿರದ ಸೀಮೆಯಲ್ಲಿ, ಯಾರೂ ಅಲ್ಲದವನಾಗಿ ಇದ್ದುಬಿಡುವುದು.

ಅವರು ಬಂದಾಗ ಶರಣರು ಯಾತ್ರಿಕನೊಬ್ಬನ ಪಾದವನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಎಣ್ಣೆ ಹಚ್ಚುತ್ತಿದ್ದರು. ಶಾಸ್ತ್ರಿಗಳು ಹತ್ತಿರ ಹೋಗಿ, ಇದ್ದ ಉಸಿರನ್ನೆಲ್ಲ ಕೂಡಿಸಿ ಪಿಸುಗುಟ್ಟಿದರು.

"ಅಜ್ಜಾರ, ನನ್ನ ಧ್ವನಿ ನನಗ ಕೊಡ್ರಿ. ಮತ್ತೇನೂ ಬ್ಯಾಡ."

ಶರಣರು ತಲೆಯೆತ್ತಿ ಅವರ ಮುಖವನ್ನು ಬಹಳ ಹೊತ್ತು ನೋಡಿದರು. "ಸಂಜಿಗೆ ಗೆಳೆಯರು ಕೂಡ್ತಾರ. ನೀವೂ ಕೂಡ್ರಿ" ಎಂದಷ್ಟೇ ಹೇಳಿ ಮತ್ತೆ ಕೆಲಸಕ್ಕೆ ಬಗ್ಗಿದರು. ವಿಭೂತಿ ಇಲ್ಲ, ಮಂತ್ರ ಇಲ್ಲ, ತಲೆಯ ಮೇಲೆ ಕೈಯೂ ಇಲ್ಲ. ಶಾಸ್ತ್ರಿಗಳಿಗೆ ಅವಮಾನವಾಯಿತು. ಇಂಥವರ ನಡುವೆ ನಾನು ಕೂಡಬೇಕೇ ಎಂದುಕೊಂಡರು. ಅಂದಿನ ದಿನವೆಲ್ಲ ಶಾಲು ಹೊದ್ದು ಕಟ್ಟೆಯ ಮೇಲೆ ಗೋಡೆಯತ್ತ ಮುಖ ಮಾಡಿ ಕುಳಿತರು. ನೀಲಮ್ಮನವರು ಮಾತ್ರ ಸೆರಗು ಸಿಕ್ಕಿಸಿಕೊಂಡು ರೊಟ್ಟಿ ಬಡಿಯುವವರ ಜೊತೆ ಸೇರಿಕೊಂಡರು.

ಸಂಜೆ ಪಾಳಿ ನಡೆಯಿತು. ಹುಸೇನಸಾಬರು ನೀರು ಹೊತ್ತವರ ಬಗ್ಗೆ ಹೇಳಿದರು. ತಿಪ್ಪವ್ವನವರು ಹೆಂಗಸರ ಕಡೆ ಕೈ ತೋರಿಸಿ, ಹೊಸದಾಗಿ ಬಂದ ತಾಯಿಯೊಬ್ಬರು ತಮ್ಮ ಪಾಲಿನ ರೊಟ್ಟಿಯನ್ನು ಕೊನೆಗೆ ಬಂದ ಯಾತ್ರಿಕನಿಗೆ ಕೊಟ್ಟು ನೀರು ಕುಡಿದು ಕೂತದ್ದನ್ನು ಹೇಳಿದರು. ಅದು ನೀಲಮ್ಮನವರನ್ನು ಕುರಿತ ಮಾತೆಂದು ಎಲ್ಲರಿಗೂ ತಿಳಿಯಿತು, ಶಾಸ್ತ್ರಿಗಳ ಕಿವಿಗೆ ಮಾತ್ರ ಬೀಳಲಿಲ್ಲ. ಅವರು ತಮ್ಮ ಪಾಳಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದರು. ಪಾಳಿ ಬಂತು. ಕಟ್ಟಳೆ ಗೊತ್ತಿಲ್ಲದ ಶಾಸ್ತ್ರಿಗಳು, ಪುರಾಣದ ಮೊದಲ ದಿನ ಮಾಡುವಂತೆ, ತಮ್ಮ ಗುರುಪರಂಪರೆಯಿಂದ ಹಿಡಿದು ಬಿರುದುಗಳವರೆಗೆ ಬಂದರು. ಯಾವ ಊರಲ್ಲಿ ಎಷ್ಟು ಜನ ಸೇರಿದ್ದರು, ಯಾವ ದೇಸಾಯರು ಎದ್ದು ನಿಂತು ಕೈಮುಗಿದರು, ಎಲ್ಲಿ ಆನೆಯ ಮೇಲೆ ಮೆರೆಸಿದರು, ಎಲ್ಲವನ್ನೂ ಆ ಸಣ್ಣ ಉಸಿರಿನಲ್ಲೇ ಹೇಳಿದರು. ಯಾರೂ ನಗಲಿಲ್ಲ, ಯಾರೂ ತಡೆಯಲಿಲ್ಲ. ಹೇಳುತ್ತ ಹೇಳುತ್ತ ಅವರ ಕಣ್ಣಲ್ಲಿ ನೀರು ಬಂತು.

ಅವರು ನಿಲ್ಲಿಸಿದ ಮೇಲೆ ಶರಣರು ಮೆಲ್ಲಗೆ ಕೇಳಿದರು. "ಅದೆಲ್ಲಾ ನಿಮ್ಮ ಧ್ವನಿ ಮಾಡಿದ್ದು, ಶಾಸ್ತ್ರಿಗಳೇ. ನೀವು ಏನು ನೋಡಿದ್ರಿ?"

ಶಾಸ್ತ್ರಿಗಳು ಬಾಯಿ ತೆರೆದರು. ಅಂದು ಬೆಳಗಿನಿಂದ ಮಗ್ಗುಲಲ್ಲೇ ನೂರಾರು ಜನ ಹಾದುಹೋಗಿದ್ದರು, ಒಂದು ಮುಖವೂ ನೆನಪಿಗೆ ಬರಲಿಲ್ಲ. ಹಿಂದಿನ ಸಭೆಗಳನ್ನು ನೆನೆದರೆ ಅಲ್ಲಿಯೂ ತಲೆಗಳ ರಾಶಿ ಕಂಡಿತೇ ಹೊರತು ಯಾರೊಬ್ಬರೂ ಕಾಣಲಿಲ್ಲ. ಅವರು ತಲೆ ತಗ್ಗಿಸಿದರು. ಪಾಳಿ ಮುಂದಿನವರಿಗೆ ಹೋಯಿತು.

ಅಷ್ಟು ಜನರ ಮುಂದೆ ಬರಿಗೈಯಾದ ಅಪಮಾನ ಅವರಿಗೆ ನುಂಗಲಾರದ ತುತ್ತಾಯಿತು. ಮರುದಿನ ಮೂಡಲು ಕೆಂಪಾಗುವ ಹೊತ್ತಿಗೆ, ನೀಲಮ್ಮನವರು ನೀರಿಗೆ ಹೋದ ಸಮಯ ನೋಡಿ, ಹಿಂದಿನ ದಿನವೇ ಕಟ್ಟಿಟ್ಟುಕೊಂಡಿದ್ದ ಗಂಟು ಎತ್ತಿಕೊಂಡರು. ಜರಿಯ ಶಾಲನ್ನೂ ರುಮಾಲನ್ನೂ ಅಲ್ಲಿಯೇ ಗೂಟಕ್ಕೆ ಬಿಟ್ಟು, ಉಟ್ಟ ಧೋತರದಲ್ಲಿ, ಯಾರಿಗೂ ಹೇಳದೆ ಹೊರಟರು.

ಹಳ್ಳದ ಆಚೆ ದಂಡೆಯಲ್ಲಿ ಒಬ್ಬ ಮುದುಕಿ ಕಲ್ಲಿನ ಮೇಲೆ ಕುಳಿತಿದ್ದಳು. ಬಸಲಿಂಗವ್ವ ಎಂದು ಆಕೆಯ ಹೆಸರು. ಕತ್ತಲಲ್ಲಿ ಗುಂಪು ತಪ್ಪಿ, ಬೇರೆ ದಾರಿಯಲ್ಲಿ ಬಂದು ಇಲ್ಲಿ ಕುಸಿದಿದ್ದಳು. ಹಿಮ್ಮಡಿ ಸೀಳಿ ರಕ್ತ ಒಸರುತ್ತಿತ್ತು.

"ಎಪ್ಪಾ, ಕಾಲು ತೊಳಿಯೋ ಅಜ್ಜಾರ ಮನಿ ಎಲ್ಲಿ ಐತಿ? ಒಂದೀಟು ಕೈ ಹಿಡಿ" ಎಂದು ಆಕೆ ಕೇಳಿದಳು.

ಶಾಸ್ತ್ರಿಗಳು ಬೆರಳು ಮಾಡಿ ತೋರಿಸಿ ಮುಂದೆ ನಡೆದರು. ಆಕೆ ಏಳಲು ಹೋಗಿ "ಮಲ್ಲಯ್ಯಾ" ಎಂದು ಮತ್ತೆ ಕುಸಿದ ಸದ್ದು ಕೇಳಿ ನಿಂತರು. ಇದೇ ಗಳಿಗೆ ಹಿಂದೊಮ್ಮೆ ಒದಗಿದ್ದರೆ ನಾಲ್ಕು ಪದ್ಯ ಹೇಳಿ, ಶರಣರ ಕಷ್ಟಸಹನೆಯ ಕಥೆ ಬಿಚ್ಚಿ, ಆಕೆಗೆ ಧೈರ್ಯ ತುಂಬಿ ಹೋಗಿಬಿಡುತ್ತಿದ್ದರು. ಈಗ ಹೇಳಲು ಧ್ವನಿಯೇ ಇಲ್ಲ. ಬೇರೆ ಉಪಾಯ ಕಾಣದೆ ಹಿಂದಿರುಗಿ, ಹಳ್ಳದ ನೀರು ಬೊಗಸೆಯಲ್ಲಿ ತಂದು, ಮುದುಕಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಆ ಪಾದವನ್ನು ಕೈಗೆತ್ತಿಕೊಂಡರು. ತಮ್ಮ ಪಾದವನ್ನು ಊರವರಿಂದ ತೊಳೆಸಿಕೊಂಡ ಆ ಅಯ್ಯನವರು ಇನ್ನೊಬ್ಬರ ಪಾದ ಮುಟ್ಟಿದ್ದು ಅದೇ ಮೊದಲು.

ಮುದುಕಿಗೆ ಅದೆಲ್ಲ ಏನು ಗೊತ್ತು? ಆಕೆ ತನ್ನ ಪಾಡಿಗೆ ಮಾತಾಡತೊಡಗಿದಳು. "ನಮ್ಮ ಮನಿಯಾವ್ರು ಹೋಗಿ ಇನ್ನೂ ವರ್ಷ ಆಗಿಲ್ಲಪಾ. ಬಡವ ಇದ್ದ, ಆದ್ರ ಒಂದ ದಿನ ಕೈ ಎತ್ತಲಿಲ್ಲ, ನಾ ಉಣ್ಣೂತನಕಾ ತಾ ಮಲಗಲಿಲ್ಲ. ಜೋಡಿಲೆ ಮುದುಕರಾದ್ವಿ. ನೀ ಭಾಳ ಚಲೋ ಮನಷ್ಯಾ ಅಂತ ಒಂದ ಮಾತು ನಾ ಅನ್ನಲಿಲ್ಲ ನೋಡು. ಅನ್ನಾಕ ನಾಚಿಕಿ. ನಾಳೆ ಅಂದ್ರಾತು ಅಂತ ಬಿಟ್ಟೆ. ಈಗ ಯಾರ ಮುಂದ ಅನ್ನಲಿ? ಮಲ್ಲಯ್ಯನ ಮುಂದರೆ ಅಂದು ಬರೋಣು ಅಂತ ಹೊಂಟೀನಿ."

ಶಾಸ್ತ್ರಿಗಳು "ಹೂಂ" ಎಂದರು. ಹಾಗೆ ಹೂಂಗುಡುತ್ತ ಒಬ್ಬರ ಮಾತು ಕೊನೆಯವರೆಗೆ ಕೇಳಿ ಎಷ್ಟು ಕಾಲವಾಗಿತ್ತೋ. ಇಷ್ಟು ದಿನ ಎಲ್ಲರೂ ಅವರಿಗೇ ಹೂಂಗುಟ್ಟಿದ್ದರು.

ಹಿಮ್ಮಡಿಗೆ ಕಟ್ಟಲು ಬಟ್ಟೆ ಬೇಕಾಯಿತು. ಶಾಸ್ತ್ರಿಗಳು ಗಂಟು ಬಿಚ್ಚಿದರು. ತಾವು ಇಟ್ಟಿದ್ದ ಒಂದು ಧೋತರದ ಮೇಲೆ, ತಾವು ಇಡದ ಮತ್ತೇನೋ ಇತ್ತು. ಬಾಳೆಯೆಲೆಯಲ್ಲಿ ಸುತ್ತಿದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅರಿವೆಯ ತುಂಡಿನಲ್ಲಿ ಕಟ್ಟಿದ ಗಂಟಲ ಕಷಾಯದ ಪುಡಿ. ಪುಡಿಯಲ್ಲಿ ಜ್ಯೇಷ್ಠಮಧುವಿನ ಪರಿಮಳವಿತ್ತು. ನೀಲಮ್ಮನವರ ಕೈಯದು.

ಅವರ ಕೈ ನಿಂತಿತು. ಹಾಗಾದರೆ ಆಕೆಗೆ ಗೊತ್ತಿತ್ತು. ಗಂಡ ಬಿಟ್ಟುಹೋಗುತ್ತಾನೆಂದು ಗೊತ್ತಿದ್ದೂ, ಅಳದೆ, ಅಡ್ಡ ನಿಲ್ಲದೆ, ದಾರಿಯಲ್ಲಿ ಹಸಿಯಬಾರದೆಂದು ಬುತ್ತಿ ಕಟ್ಟಿದ್ದಳು. ತಾವು ಹೊರಡಲಿ ಎಂದೇ ನೀರಿಗೆ ಹೋದಳೋ ಏನೋ. ಧೋತರ ಹರಿದು ಮುದುಕಿಯ ಕಾಲಿಗೆ ಕಟ್ಟಿದರು, ರೊಟ್ಟಿ ಆಕೆಯ ಕೈಗಿತ್ತರು, ಕಷಾಯದ ಪುಡಿಯನ್ನು ಮಾತ್ರ ಸೊಂಟದಲ್ಲಿ ಸಿಕ್ಕಿಸಿಕೊಂಡರು.

ಬಸಲಿಂಗವ್ವ ಅವರ ಭುಜ ಹಿಡಿದು ಏಳುತ್ತ ಕೇಳಿದಳು. "ಯಾರ ಪೈಕಿ ಎಪ್ಪಾ ನೀನು? ಹೆಸರೇನು?"

ಎಂಥ ಸಭೆಯಲ್ಲೂ ತಡವರಿಸದ ಶಾಸ್ತ್ರಿಗಳು ಆ ಮುದುಕಿಯ ಮುಂದೆ ತಡವರಿಸಿದರು. ಬಿರುದುಗಳು ನಾಲಿಗೆಗೆ ಬರಲಿಲ್ಲ. "ಅಜ್ಜಾರ ಗೆಳೆಯಾ ಅದೀನಬೇ" ಎಂದು ಪಿಸುಗುಟ್ಟಿದರು. ಆಡಿದ ಮೇಲೆ ಆ ಮಾತು ಅವರಿಗೇ ಹೊಸದೆನಿಸಿತು.

ಮುದುಕಿಯನ್ನು ನಡೆಸಿಕೊಂಡು ಹಳ್ಳ ದಾಟಿ ಬಂದಾಗ ಶರಣರು ಹಂಡೆಗೆ ಬೆಂಕಿ ಒಟ್ಟುತ್ತಿದ್ದರು. ಇಬ್ಬರನ್ನೂ ನೋಡಿದರು. ಎಲ್ಲಿಗೆ ಹೋಗಿದ್ದಿರೆಂದು ಕೇಳಲಿಲ್ಲ. ಒಂದು ತಂಬಿಗೆಯನ್ನು ಶಾಸ್ತ್ರಿಗಳ ಕೈಗೆ ಕೊಟ್ಟು, ಕಟ್ಟೆಯ ಮೇಲೆ ಕೂತಿದ್ದ ಯಾತ್ರಿಕರ ಸಾಲಿನ ಕಡೆ ಕಣ್ಣು ತೋರಿಸಿದರು. ಶಾಸ್ತ್ರಿಗಳು ಹೋಗಿ ಕೂತರು. ಅಂದು ಹೊತ್ತು ಇಳಿಯುವವರೆಗೆ ಅವರು ಪಾದ ತೊಳೆದರು, ಪ್ರತಿ ಪಾದ ತೊಳೆಯುವಾಗಲೂ ಮೇಲೆ ಮುಖ ನೋಡಿದರು. ನೀಲಮ್ಮನವರು ಒಲೆಯ ಮುಂದಿನಿಂದ ಒಮ್ಮೆ ಇಣುಕಿ ನೋಡಿ, ಗಂಡನನ್ನು ಕಂಡು, ರೊಟ್ಟಿಯ ಹಿಟ್ಟಿಗೆ ಮತ್ತೆ ಕೈಹಾಕಿದರು.

ಸಂಜೆ ಪಾಳಿ ಸೇರಿತು. ಬಸಲಿಂಗವ್ವನೂ ಕಾಲು ಚಾಚಿ ಮುಂದೆಯೇ ಒಂದು ಕಡೆ ಕೂತಿದ್ದಳು. ಗಂಡಸರೆಲ್ಲ ಶರಣರ ಸುತ್ತ, ಉಳಿದ ಹೆಂಗಸರು ಹಿಂದೆ ಗೋಡೆಯ ಪಕ್ಕ, ನೀಲಮ್ಮನವರು ಎಲ್ಲರಿಗಿಂತ ಕೊನೆಗೆ. ಶಾಸ್ತ್ರಿಗಳ ಪಾಳಿ ಬಂದಾಗ ಆ ಸಣ್ಣ ಉಸಿರಿನ ಮಾತು ಕೇಳಬೇಕೆಂದು ಹುಸೇನಸಾಬರು ಮುಂದಕ್ಕೆ ಬಾಗಿದರು, ಅವರನ್ನು ನೋಡಿ ಉಳಿದವರೂ ಜರುಗಿಕೊಂಡರು.

"ಅಜ್ಜಾರ, ನೀವು ನಿನ್ನೆ ಕೇಳಿದ್ರಿ. ಇವತ್ತ ಹೇಳ್ತೀನಿ" ಎಂದು ಶಾಸ್ತ್ರಿಗಳು ಆರಂಭಿಸಿದರು. "ನನ್ನ ಧ್ವನಿ ಕಡೀ ಸಾಲಿನತನಕಾ ಮುಟ್ಟತಿತ್ತು ಅಂತ ಲೋಕ ಹೊಗಳ್ತು, ನಾನೂ ನಂಬಿದೆ. ಅದು ಹೆಂಗ ಮುಟ್ಟತಿತ್ತು ಅಂತ ನನಗ ಒಬ್ಬನಿಗೇ ಗೊತ್ತಿತ್ತು, ನಾ ಯಾರ ಮುಂದೂ ಹೇಳಲಿಲ್ಲ. ನಮ್ಮ ನೀಲಮ್ಮ ಯಾವ ಊರಾಗೂ ಮುಂದ ಕೂಡಲಿಲ್ಲ. ಹೆಂಗಸರ ಸಾಲಿನಾಗ ಎಲ್ಲಾರಿಗಿಂತ ಹಿಂದ, ಕಡೀ ಕಂಬದ ಹಂತ್ಯಾಕ ಕೂಡ್ತಿದ್ಲು. ಮಾತು ಅಲ್ಲಿಗೆ ಮುಟ್ಟಲಿಲ್ಲಂದ್ರ ತಲಿ ಮ್ಯಾಲಿನ ಸೆರಗು ಸ್ವಲ್ಪ ಮುಂದಕ್ಕ ಎಳಕೊಳ್ತಿದ್ಲು. ನಾ ಗದ್ದಿಗಿ ಮ್ಯಾಲಿಂದ ಅದನ್ನ ನೋಡಿ ಧ್ವನಿ ಏರಿಸ್ತಿದ್ದೆ. ಶಾಲು ನನಗ ಹೊದಿಸಿದ್ರು. ಆಕಿ ಕಂಬಕ್ಕ ಆನಿಕೊಂಡು ಎದ್ದು, ಬಿಡಾರಕ್ಕ ಹೋಗಿ ಕಷಾಯ ಕುದಸ್ತಿದ್ಲು. ಇಷ್ಟು ವರ್ಷ ನಾ ಆಕಿ ಸೆರಗು ನೋಡೀನಿ, ಅಜ್ಜಾರ. ಆಕಿನ್ನ ನೋಡಲಿಲ್ಲ."

ಬಸಲಿಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಶಾಸ್ತ್ರಿಗಳು ತಲೆಯೆತ್ತಿ ಹಿಂದಿನ ಗೋಡೆಯ ಕಡೆ ನೋಡಿದರು. ಅಷ್ಟು ದೂರಕ್ಕೆ ಆ ಪಿಸುಮಾತು ಮುಟ್ಟಿರಲಿಲ್ಲ. ಏನು ಹೇಳುತ್ತಿದ್ದಾರೆಂದು ತಿಳಿಯದ ನೀಲಮ್ಮನವರು, ಇಷ್ಟು ವರ್ಷಗಳ ರೂಢಿಯಂತೆ, ತಮಗೇ ಅರಿವಿಲ್ಲದೆ ತಲೆಯ ಸೆರಗನ್ನು ಮುಂದಕ್ಕೆ ಎಳೆದುಕೊಂಡರು.

ಶಾಸ್ತ್ರಿಗಳಿಗೆ ಧ್ವನಿ ಏರಿಸಲು ಬರಲಿಲ್ಲ. ಅವರು ಎದ್ದು ನಿಂತರು. ಗಂಡಸರ ಸಾಲು ದಾಟಿ, ಕಾಲು ಮಡಚಿ ದಾರಿ ಬಿಟ್ಟ ಹೆಂಗಸರ ನಡುವೆ ಹಾದು, ಗೋಡೆಯ ಹತ್ತಿರ ಹೋಗಿ ಹೆಂಡತಿಯ ಎದುರಿಗೆ ನೆಲದ ಮೇಲೆ ಕೂತರು. ನಾಲ್ಕು ಜನರ ಮುಂದೆ ಗಂಡಹೆಂಡಿರು ಮುಖ ಕೊಟ್ಟು ಮಾತಾಡದ ಕಾಲವದು. ನೀಲಮ್ಮನವರು ಗಾಬರಿಯಾಗಿ ಹಿಂದಕ್ಕೆ ಸರಿಯಲು ನೋಡಿದರು, ಹಿಂದೆ ಗೋಡೆಯಿತ್ತು. ಶಾಸ್ತ್ರಿಗಳು ಅಲ್ಲಿ ಆಡಿದ ಮಾತನ್ನೆಲ್ಲ ಮೊದಲಿನಿಂದ ಮತ್ತೆ ಹೇಳಿದರು, ಒಂದನ್ನೂ ಬಿಡದೆ, ಅವಸರ ಮಾಡದೆ. ಹೇಳಿ ಮುಗಿಸಿ ಕೇಳಿದರು.

"ಕೇಳಸ್ತೇನು?"

ನೀಲಮ್ಮನವರು ತಲೆಯ ಸೆರಗನ್ನು ಹಿಂದಕ್ಕೆ ಸರಿಸಿದರು. "ಈಗ ಕೇಳಸ್ತರಿ" ಎಂದರು.

ಶರಣರು ಕಟ್ಟೆಯ ಮೇಲೆ ಎದ್ದು ನಿಂತು ಆ ದಂಪತಿಗಳಿಗೆ ಕೈಮುಗಿದರು. ಮುರಿಗಯ್ಯ ಶಾಸ್ತ್ರಿಗಳು ಮುಂದೆ ಬಹಳ ವರ್ಷ ಬಾಳಿದರು, ಧ್ವನಿ ಬೇಕೆಂದು ಮತ್ತೆ ಯಾರನ್ನೂ ಕೇಳಲಿಲ್ಲ.